ಆರು ಸೆಂಟ್ ಜಾಗ, ಸೋರುವ ಮಾಡು: ವಾಚನಾಲಯವನ್ನು ಎಲ್ಲರ ಜಾಗ ಮಾಡುವುದು ಹೇಗೆ?

ಪ್ರಶ್ನೆ: ಕಾಸರಗೋಡು ನಗರಸಭೆಯ ಒಂದು ವಾರ್ಡಿನಲ್ಲಿ ನಮ್ಮ ಸಂಘಕ್ಕೆ ಆರು ಸೆಂಟ್ ಜಾಗವಿದೆ. ಅದರಲ್ಲಿ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡಿನ (ಛಾವಣಿಯ) ಹಳೆಯ ವಾಚನಾಲಯ. 36 ಅಡಿ ಉದ್ದ, 20 ಅಡಿ ಅಗಲದ ಒಂದೇ ಕೋಣೆ, ಎದುರಿಗೆ ಆರೂವರೆ ಅಡಿ ಜಗಲಿ, ಮೂರು ಮೆಟ್ಟಿಲು. ಮಾಡು ಸೋರುತ್ತಿದೆ, ಶೌಚಾಲಯವಿಲ್ಲ. ಸುತ್ತಲಿನ ಊರೇ ಬದಲಾಗಿದೆ. ಹೆದ್ದಾರಿ ಅಗಲವಾಯಿತು, ಫ್ಲ್ಯಾಟ್‌ಗಳು ಬಂದವು, ಬಾಡಿಗೆಯವರು ಹೆಚ್ಚಿದರು, ಬಂಗಾಳ–ಒಡಿಶಾದ ಕೆಲಸಗಾರರೂ ಇದ್ದಾರೆ. ಮಕ್ಕಳು ಗಲ್ಫಿನಲ್ಲಿರುವ ವಯಸ್ಸಾದವರು ಒಂಟಿಯಾಗಿದ್ದಾರೆ. ವಾಚನಾಲಯಕ್ಕೆ ಬರುವವರು ಮಾತ್ರ ಹಿಂದಿನ ಹತ್ತು–ಹದಿನೈದು ಗಂಡಸರೇ. ಕೈಯಲ್ಲಿ ಮತ್ತು ವಾಗ್ದಾನದಲ್ಲಿ ಸೇರಿ 12 ಲಕ್ಷ ರೂಪಾಯಿ ಇದೆ. ಕೆಡವಿ ಎರಡು ಅಂತಸ್ತು ಕಟ್ಟೋಣ, ಕೆಳಗೆ ಅಂಗಡಿ, ಮೇಲೆ ಮದುವೆ ಹಾಲ್ ಮಾಡೋಣ ಎನ್ನುತ್ತಾರೆ ಕೆಲವರು. ಏನು ಮಾಡಬೇಕು?

ಉತ್ತರ: ಕೆಡವಬೇಡಿ. ಕಟ್ಟುವ ಖರ್ಚನ್ನು ಚದರಡಿಗೆ 2,000 ರೂಪಾಯಿ ಎಂದು ಕಡಿಮೆಯೇ ಹಿಡಿದರೂ ಎರಡು ಅಂತಸ್ತಿನ 2,500 ಚದರಡಿಗೆ 50 ಲಕ್ಷ ಬೇಕು. 12 ಲಕ್ಷ ಕೈಯಲ್ಲಿಟ್ಟುಕೊಂಡು ಅದನ್ನು ಹಿಡಿದರೆ ಕೆಲಸ ಪಿಲ್ಲರಿನ ಮಟ್ಟದಲ್ಲಿ ನಿಲ್ಲುತ್ತದೆ, ಇದ್ದ ವಾಚನಾಲಯವೂ ಹೋಗಿರುತ್ತದೆ. ಒಂದು ವೇಳೆ ಮುಗಿದರೂ ಮೇಲಿನ ಹಾಲಿಗೆ ಲಿಫ್ಟ್ ಬೇಕು. ಲಿಫ್ಟ್ ಇಲ್ಲದಿದ್ದರೆ ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಕೆಳಗೇ ಉಳಿಯುತ್ತಾರೆ. ಲಿಫ್ಟ್ ಇದ್ದರೆ ಅದರ ನಿರ್ವಹಣೆಯ ಖರ್ಚಿಗಾಗಿ ಹಾಲನ್ನು ಮದುವೆಗೆ ಕೊಡಲೇಬೇಕಾಗುತ್ತದೆ, ವಾಚನಾಲಯ ಮೂಲೆಗೆ ಸರಿಯುತ್ತದೆ. ಅಂಗಡಿಯ ಬಾಡಿಗೆಯ ಆಸೆಗೂ ಒಂದು ತೊಡಕಿದೆ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾನೂನಿನಡಿ ಒಮ್ಮೆ ಕೂತ ಬಾಡಿಗೆದಾರರನ್ನು ಎಬ್ಬಿಸುವುದು ವರ್ಷಗಟ್ಟಲೆ ಕೋರ್ಟಿನ ಕೆಲಸ. ರಸ್ತೆಗೆ ಮುಖ ಮಾಡಿದ ಭಾಗ ಅಂಗಡಿಗೆ ಹೋದರೆ ನಿಮ್ಮ ವಾಚನಾಲಯ ದಾರಿಯಲ್ಲಿ ಹೋಗುವವರ ಕಣ್ಣಿಗೇ ಬೀಳುವುದಿಲ್ಲ. ಒಳಗೆ ಬರಲು ಅಂಜುವವರಿಗೆ ದಾರಿಯಿಂದ ಒಳಗು ಕಾಣುವುದೇ ಮೊದಲ ಆಹ್ವಾನ.

ನಿಮ್ಮ ಕೋಣೆ 720 ಚದರಡಿ. ಕುರ್ಚಿ ಹಾಕಿದರೆ 60 ಜನ ಆರಾಮವಾಗಿ ಕೂರುತ್ತಾರೆ. ವಾರ್ಡಿನ ದಿನನಿತ್ಯದ ಬಳಕೆಗೆ ಇದು ಸಣ್ಣ ಜಾಗವೇನಲ್ಲ. ಈಗ ಕೊರತೆಯಾಗಿರುವುದು ನಾಲ್ಕು: ಸೋರದ ಮಾಡು, ಹೆಂಗಸರು ಹಿಂಜರಿಯದೆ ಬಳಸಬಲ್ಲ ಶೌಚಾಲಯ, ಮೆಟ್ಟಿಲಿಲ್ಲದ ದಾರಿ, ಮತ್ತು ದಿನವೂ ಬಾಗಿಲು ತೆರೆಯುವ ಒಬ್ಬ ವ್ಯಕ್ತಿ. ಮೊದಲ ಮೂರಕ್ಕೆ ನಿಮ್ಮ 12 ಲಕ್ಷ ಸಾಕು. ನಾಲ್ಕನೆಯದಕ್ಕೆ ತಿಂಗಳ ಲೆಕ್ಕ ಬೇಕು, ಮತ್ತು ಆ ಲೆಕ್ಕ ಕಲ್ಲು ಮುಟ್ಟುವ ಮೊದಲೇ ಆಗಬೇಕು. ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಕಲ್ಲಿನ ಮೇಲೆ ಹೆಸರು ಬರುತ್ತದೆ. ಕಸ ಗುಡಿಸುವವರ ಸಂಬಳಕ್ಕೆ ಯಾರೂ ಕೊಡುವುದಿಲ್ಲ. ಉದ್ಘಾಟನೆಯಾಗಿ ವರ್ಷದೊಳಗೆ ಬೀಗ ಬೀಳುವ ಕಟ್ಟಡಗಳ ಕಥೆ ಬಹುಪಾಲು ಇಷ್ಟೇ.

ತಿಂಗಳ ಲೆಕ್ಕದ ಒಂದು ಮಾದರಿ ನೋಡಿ, ನಿಮ್ಮ ವಾರ್ಡಿನ ದರ ಹಾಕಿ ತಿದ್ದಿಕೊಳ್ಳಿ. ಬಾಗಿಲು ತೆರೆದು, ಗುಡಿಸಿ, ಶೌಚಾಲಯ ತೊಳೆದು, ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಒಬ್ಬರಿಗೆ ದಿನಕ್ಕೆ ನಾಲ್ಕು ಗಂಟೆ, 26 ದಿನ, ಗಂಟೆಗೆ 100 ರೂಪಾಯಿಯಂತೆ 10,400. ಎಂಟು ಪತ್ರಿಕೆಗಳಿಗೆ 2,000. ಇಂಟರ್‌ನೆಟ್ 700. ಸಾಬೂನು, ಫಿನಾಯಿಲ್, ಬಲ್ಬು ಇತ್ಯಾದಿ 800. ಕರೆಂಟಿಗೆ 600. ಕಡಿಮೆ ಕರೆಂಟು ಎಳೆಯುವ, 30 ವ್ಯಾಟಿನ ನಾಲ್ಕು ಬಿಎಲ್‌ಡಿಸಿ ಫ್ಯಾನು, 20 ವ್ಯಾಟಿನ ಆರು ಎಲ್‌ಇಡಿ ದಿನಕ್ಕೆ ಆರು ಗಂಟೆ ಉರಿದರೂ ತಿಂಗಳಿಗೆ 43 ಯೂನಿಟ್ ಆಸುಪಾಸು. ಕೊನೆಗೆ ದುರಸ್ತಿ ನಿಧಿಗೆ 2,500; ಇದನ್ನು ಬೇರೆ ಖಾತೆಯಲ್ಲಿಡಿ, ಯಾವ ಕಾರ್ಯಕ್ರಮಕ್ಕೂ ಮುಟ್ಟಬೇಡಿ. ಒಟ್ಟು 17,000.

ಇದು ಬರುವುದೆಲ್ಲಿಂದ? 150 ಮನೆಗಳಿಂದ ತಲಾ 50 ರೂಪಾಯಿ, 7,500. ಟ್ಯೂಷನ್, ಹೊಲಿಗೆ, ಯೋಗದಂಥ ತರಗತಿಗಳಿಗೆ ತಿಂಗಳಿಗೆ 40 ಗಂಟೆ, ಗಂಟೆಗೆ 100ರಂತೆ 4,000. ಹೆಸರಿಡುವುದು, ಹುಟ್ಟುಹಬ್ಬ, ಸೀಮಂತದಂಥ ಸಣ್ಣ ಸಮಾರಂಭ ತಿಂಗಳಿಗೆ ನಾಲ್ಕು, ತಲಾ 1,500ರಂತೆ 6,000. ಒಟ್ಟು 17,500. ಈ ನಾಲ್ಕು ಎಂಬ ಸಂಖ್ಯೆಯನ್ನು ನಿಯಮಾವಳಿಯಲ್ಲೇ ಬರೆದಿಡಿ. ಐದನೆಯದಕ್ಕೆ ಒಮ್ಮೆ ಹೂಂ ಎಂದರೆ ಆರನೆಯದಕ್ಕೆ ಇಲ್ಲ ಎನ್ನುವ ಧೈರ್ಯ ಸಮಿತಿಗೆ ಬರುವುದಿಲ್ಲ. ಹಾಗೆಯೇ 50 ರೂಪಾಯಿ ಕೊಟ್ಟವರಿಗಷ್ಟೇ ಒಳಗೆ ಪ್ರವೇಶ ಎಂದು ಎಂದೂ ಮಾಡಬೇಡಿ. ವಂತಿಗೆ ಓಟಿನ ಹಕ್ಕಿಗೆ ಮಾತ್ರ. ಕೂರುವುದಕ್ಕೆ, ಓದುವುದಕ್ಕೆ, ನೀರು ಕುಡಿಯುವುದಕ್ಕೆ, ಶೌಚಾಲಯಕ್ಕೆ ಯಾರಿಗೂ ಹಣವಿಲ್ಲ.

ಯಾರನ್ನು ಕೇಳಬೇಕು, ಏನು ಕೇಳಬೇಕು

ಸಾಮಾನ್ಯವಾಗಿ ಒಂದು ಸಭೆ ಕರೆದು "ನಿಮಗೇನು ಬೇಕು?" ಎಂದು ಕೇಳುತ್ತಾರೆ. ಸಭೆಗೆ ಬರುವವರು ಈಗಾಗಲೇ ವಾಚನಾಲಯಕ್ಕೆ ಬರುತ್ತಿರುವವರೇ. ಬಾರದವರನ್ನು ಹುಡುಕಿಕೊಂಡು ಹೋಗಬೇಕು, ಅದಕ್ಕೆ ಎರಡು ವಾರ ಸಾಕು. ಪ್ರತಿ ಮನೆಯ ಗೇಟು ದಾಟುವವರು ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು; ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಎಲ್ಲಿ ಅಜ್ಜಿಯೊಬ್ಬರೇ ಇದ್ದಾರೆ ಎಂಬುದು ಅವರಿಗೆ ಗೊತ್ತು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕುಟುಂಬಶ್ರೀಯ ಅಯಲ್‌ಕೂಟದ (ನೆರೆಹೊರೆಯ ಹೆಂಗಸರ ಗುಂಪಿನ) ಅಧ್ಯಕ್ಷೆ, ಇವರೂ ಹಾಗೆಯೇ. ಅತಿಥಿ ಕಾರ್ಮಿಕರನ್ನು ಭಾನುವಾರ ಬೆಳಿಗ್ಗೆ ಅವರ ಕೋಣೆಗಳಲ್ಲೇ ನೋಡಿ, ಹಿಂದಿ ಬಲ್ಲವರೊಬ್ಬರು ಜೊತೆಗಿರಲಿ.

ಏನು ಬೇಕು ಎಂದು ಕೇಳಿದರೆ ಜನ ಎಲ್ಲೋ ನೋಡಿದ್ದನ್ನು ಹೇಳುತ್ತಾರೆ: ಎಸಿ, ಜಿಮ್, ಸ್ಟೇಜು. ಮೂರು ಪ್ರಶ್ನೆ ಸಾಕು. ದಿನದಲ್ಲಿ ಯಾವ ಹೊತ್ತು ಮನೆಯಿಂದ ಹೊರಗೆ ಬರಬಲ್ಲಿರಿ? ಬಂದರೆ ಎಷ್ಟು ಹೊತ್ತು ಕೂರಬಲ್ಲಿರಿ, ಜೊತೆಗೆ ಯಾರಿರುತ್ತಾರೆ? ಈವರೆಗೆ ಬಾರದಿರಲು ಕಾರಣವೇನು? ಮೂರನೆಯದರ ಉತ್ತರವನ್ನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. "ಬಾಗಿಲಲ್ಲೇ ಗಂಡಸರು ಕೂತಿರುತ್ತಾರೆ", "ಮೆಟ್ಟಿಲು ಹತ್ತಲಾಗುವುದಿಲ್ಲ", "ಅದು ಅವರ ಜಾಗ ಅಂತ ಅಂದುಕೊಂಡಿದ್ದೆ" ಎಂಬಂಥ ಮಾತು ಬಂದರೆ ನಿಮ್ಮ ನಕ್ಷೆ ಅಲ್ಲೇ ಅರ್ಧ ತಯಾರಾಯಿತು.

ಕಾಗದ ಪತ್ರ

ಜಾಗದ ಆಧಾರ (ಹಕ್ಕುಪತ್ರ) ಯಾರ ಹೆಸರಿನಲ್ಲಿದೆ ನೋಡಿ. ಹಳೆಯ ವಾಚನಾಲಯಗಳಲ್ಲಿ ಯಾರೋ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗ, ತೀರ್ವೆ (ಭೂಕಂದಾಯ) ಇನ್ನೂ ಅವರ ಮನೆಯವರ ಹೆಸರಿನಲ್ಲೇ ಕಟ್ಟುತ್ತಿರುವುದು ಅಪರೂಪವಲ್ಲ. ಊರಿನಲ್ಲಿ ಸೆಂಟಿನ ಬೆಲೆ ಏರಿದಾಗ ಮೂರನೆಯ ತಲೆಮಾರಿನವರು ಬಂದು ಕೇಳುತ್ತಾರೆ. ಆಧಾರ ಸಂಘದ ಹೆಸರಿಗೆ ಆಗದೆ ಒಂದು ಹಂಚನ್ನೂ ಬದಲಿಸಬೇಡಿ.

ಮಲಬಾರಿಗೆ ಸೇರಿದ ಕಾಸರಗೋಡಿನಲ್ಲಿ ಸಂಘಗಳ ನೋಂದಣಿ 1860ರ ಸೊಸೈಟಿ ಕಾಯ್ದೆಯಡಿ ನಡೆಯುತ್ತದೆ. ತಿರುವಾಂಕೂರು–ಕೊಚ್ಚಿ ಭಾಗಕ್ಕೆ ಬೇರೆ, 1955ರ ಕಾನೂನು. ತೆಂಕಣ ಜಿಲ್ಲೆಗಳ ಯಾವುದೋ ಸಂಘದ ನಿಯಮಾವಳಿಯನ್ನು ನಕಲು ಮಾಡಬೇಡಿ ಎನ್ನುವುದು ಇದಕ್ಕೇ. 1860ರ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ಹಲವು ಸಂಘಗಳು ಇದನ್ನು ವರ್ಷಗಟ್ಟಲೆ ಕೊಟ್ಟಿರುವುದಿಲ್ಲ, ಅನುದಾನಕ್ಕೆ ಅರ್ಜಿ ಹಾಕುವ ದಿನ ಸಿಕ್ಕಿಬೀಳುತ್ತವೆ. ಮೊದಲು ಅದನ್ನು ಸರಿಪಡಿಸಿ.

ಸಂಘದ ಉದ್ದೇಶವನ್ನು ಹಿಗ್ಗಿಸುವುದಿದ್ದರೆ, ಅಂದರೆ ವಾಚನಾಲಯ ಎಂದಿದ್ದಲ್ಲಿ ಹಿರಿಯರು ಹಗಲು ಕಳೆಯುವ ಹಗಲು ಮನೆ, ಮಕ್ಕಳ ಕೇಂದ್ರ ಎಂದೆಲ್ಲ ಸೇರಿಸುವುದಿದ್ದರೆ, 12ನೇ ಸೆಕ್ಷನ್ ಅನ್ವಯಿಸುತ್ತದೆ. ಪ್ರಸ್ತಾವವನ್ನು ವಿಶೇಷ ಸಭೆಗೆ ಹತ್ತು ದಿನ ಮೊದಲು ಬರಹದಲ್ಲಿ ಸದಸ್ಯರಿಗೆ ತಲುಪಿಸಬೇಕು, ಐದರಲ್ಲಿ ಮೂರು ಪಾಲು ಸದಸ್ಯರು ಒಪ್ಪಬೇಕು, ತಿಂಗಳ ಅಂತರದಲ್ಲಿ ಎರಡನೆಯ ವಿಶೇಷ ಸಭೆ ಅದೇ ಬಹುಮತದಲ್ಲಿ ದೃಢಪಡಿಸಬೇಕು. ಇದೇ ಸಂದರ್ಭದಲ್ಲಿ ಸದಸ್ಯತ್ವದ ಷರತ್ತನ್ನೂ ತಿದ್ದಿ. "ಸ್ಥಳೀಯ ಖಾಯಂ ನಿವಾಸಿ" ಎಂದಿದ್ದರೆ ಬಾಡಿಗೆಯವರು, ಫ್ಲ್ಯಾಟಿನವರು ಎಲ್ಲ ಹೊರಗೇ ಉಳಿಯುತ್ತಾರೆ. "ವಾರ್ಡಿನಲ್ಲಿ ಆರು ತಿಂಗಳಿನಿಂದ ವಾಸಿಸುತ್ತಿರುವ, 18 ವರ್ಷ ತುಂಬಿದ ಯಾರೂ" ಎಂದು ಬರೆಯಿರಿ. ಹನ್ನೊಂದು ಜನರ ಸಮಿತಿಯಲ್ಲಿ ಕನಿಷ್ಠ ಐವರು ಹೆಂಗಸರು, ಇಬ್ಬರು ಬಾಡಿಗೆ ಮನೆಯವರು ಇರಬೇಕು ಎಂದೂ ಸೇರಿಸಿ. ಜಾಗ ಮಾರುವುದಕ್ಕೆ, ಒತ್ತೆಯಿಡುವುದಕ್ಕೆ ಎರಡು ಮಹಾಸಭೆಗಳ ಒಪ್ಪಿಗೆ ಬೇಕು ಎಂಬ ಸಾಲು ಇರಲಿ. ಹೆದ್ದಾರಿ ಬದಿಯ ಆರು ಸೆಂಟಿಗೆ ಗಿರಾಕಿ ಬಂದೇ ಬರುತ್ತಾರೆ.

ಮಾಡು

ಕೆಂಪುಕಲ್ಲಿನ ಗೋಡೆ ಸುಲಭಕ್ಕೆ ಕೆಡುವುದಿಲ್ಲ, ಕೆಡುವುದು ಅದರ ಮೇಲಿನ ಮರ. ಗೋಡೆಯ ತಲೆಯ ಮೇಲೆ ಮಲಗಿರುವ ತೊಲೆಯನ್ನು, ಅದಕ್ಕೆ ಕೂರುವ ಪಕ್ಕಾಸುಗಳ (ಇಳಿಜಾರಿನ ಮರಗಳ) ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಳಗೆ ಸಲೀಸಾಗಿ ಹೋದರೆ ಗೆದ್ದಲು ತಿಂದಿದೆ. ನಾಲ್ಕೈದು ಪಕ್ಕಾಸು ಮಾತ್ರ ಹೋಗಿದ್ದರೆ ಅಷ್ಟನ್ನೇ ಬದಲಿಸಿ, ರೀಪು (ಹಂಚು ಕೂರುವ ಅಡ್ಡಪಟ್ಟಿ) ಎಲ್ಲ ಹೊಸದು ಹಾಕಿ. ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಗ್ಯಾಲ್ವನೈಸ್ಡ್ ಪೈಪಿನ ಚೌಕಟ್ಟು ಅಗ್ಗ. ಆದರೆ ಸಮುದ್ರದ ಗಾಳಿಯ ಊರಿನಲ್ಲಿ ತುಕ್ಕು ಶುರುವಾಗುವುದು ವೆಲ್ಡಿಂಗ್ ಮಾಡಿದ ಜಾಗದಲ್ಲಿ. ಅಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಪ್ರತಿ ಜೋಡಣೆಯನ್ನು ಉಜ್ಜಿ, ಸತುವಿನ ಪ್ರೈಮರ್ ಎರಡು ಕೋಟು ಹಾಕಿಸಿ, ಹಂಚು ಹೊದಿಸುವ ಮೊದಲು ನೀವೇ ಏಣಿ ಹತ್ತಿ ನೋಡಿ.

ತಗಡಿನ ಶೀಟು ಹಾಕಿಬಿಡೋಣ ಎನ್ನುವ ಸಲಹೆ ಬರುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿದು. ಶೀಟಿನ ಕೆಳಗೆ ಜೂನ್–ಜುಲೈ ಪೂರ್ತಿ ಪಕ್ಕದವರ ಮಾತೇ ಕೇಳಿಸದು. ಕಿವಿ ಮಂದವಾದ ಹಿರಿಯರಿಗೆ ಅದು ಮುಚ್ಚಿದ ಬಾಗಿಲಿದ್ದಂತೆ. ಏಪ್ರಿಲ್‌ನಲ್ಲಿ ಸೆಕೆ ಬೇರೆ. ಹಂಚೇ ಇರಲಿ.

ಲೆಕ್ಕ ಹೀಗೆ: ಗೋಡೆಯಿಂದ ಸುತ್ತ ಎರಡಡಿ ಚಾಚಿದ ಮಾಡು, ಜಗಲಿಯೂ ಸೇರಿ, ಮೇಲಿನಿಂದ ನೋಡಿದರೆ 113 ಚದರ ಮೀಟರ್. 30 ಡಿಗ್ರಿ ಇಳಿಜಾರಿನಲ್ಲಿ ಅದು 130 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 15 ಮಂಗಳೂರು ಹಂಚಿನಂತೆ 1,950. ಒಡೆಯುವುದನ್ನು ಹಿಡಿದು 2,100 ಇಟ್ಟುಕೊಳ್ಳಿ. ಹಳೆಯ ಹಂಚಿನಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ದನಿ ಬರುವುದನ್ನು ಉಳಿಸಿಕೊಳ್ಳಿ, ಮಂದ ದನಿಯದ್ದರಲ್ಲಿ ಬಿರುಕಿದೆ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಬೇರೆ ಬೇರೆ ಕಾರ್ಖಾನೆಯ ಹಂಚಿನ ಉದ್ದ ಮತ್ತು ಬದಿಯ ಗಾಡಿ (ಪಕ್ಕದ ಹಂಚು ಕೂರುವ ತೋಡು) ಒಂದೇ ಇರುವುದಿಲ್ಲ. ಬೆರೆಸಿ ಹೊದಿಸಿದರೆ ಮೊದಲ ಮಳೆಗೇ ಸೋರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಎಷ್ಟೋ ಮುಚ್ಚಿದವು. ಆದ್ದರಿಂದ ಹಂಚಿನ ಹಿಂಬದಿಯ ಮುದ್ರೆ ನೋಡಿ ಬೇರ್ಪಡಿಸಿ, ಒಂದೇ ಮುದ್ರೆಯದನ್ನು ಒಂದು ಬದಿಗೆ ಹಾಕಿ. ರೀಪಿನ ಅಂತರವನ್ನು ಕೈಯಲ್ಲಿರುವ ಹಂಚು ಅಳೆದ ಮೇಲೆಯೇ ಗೊತ್ತುಮಾಡಿ, ಪುಸ್ತಕದ ಅಳತೆ ನಂಬಬೇಡಿ.

113 ಚದರ ಮೀಟರಿನ ಮೇಲೆ ವರ್ಷಕ್ಕೆ ಬೀಳುವ ನೀರು ನಾಲ್ಕು ಲಕ್ಷ ಲೀಟರಿನ ಹತ್ತಿರ. ದಂಬೆಗೆ (ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ಕಾಲುವೆಗೆ) ಪ್ರತಿ ಬದಿಗೂ ನಾಲ್ಕಿಂಚಿನ ಎರಡೆರಡು ಪೈಪು ಬೇಕು. ಒಂದೊಂದೇ ಇಟ್ಟರೆ ಜೋರು ಮಳೆಗೆ ದಂಬೆ ತುಂಬಿ ನೀರು ಗೋಡೆಗೆ ಹೊಡೆಯುತ್ತದೆ. ಆ ನೀರನ್ನು ಮರಳು–ಜಲ್ಲಿಯ ಸೋಸು ತೊಟ್ಟಿ ದಾಟಿಸಿ ಬಾವಿಗೋ ಇಂಗುಗುಂಡಿಗೋ ಬಿಡಿ, ಪಕ್ಕದ ಮನೆಯ ಅಂಗಳಕ್ಕಲ್ಲ. ಗೋಡೆಯ ಬುಡದಲ್ಲಿ ತೇವ ಏರಿದ್ದರೆ ಸಿಮೆಂಟ್ ಬಳಿಯಬೇಡಿ. ತೇವ ಒಳಗೇ ಉಳಿದು ಮೇಲಕ್ಕೇರುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ.

ಶೌಚಾಲಯ

ಖರ್ಚಿನಲ್ಲಿ ಇದು ಎರಡನೆಯದು, ಮಹತ್ವದಲ್ಲಿ ಮೊದಲನೆಯದು. ಶೌಚಾಲಯ ಎಲ್ಲಿ ಎಂಬುದನ್ನು ನಿಮ್ಮ ಇಷ್ಟ ನಿರ್ಧರಿಸುವುದಿಲ್ಲ, ಬಾವಿಗಳು ನಿರ್ಧರಿಸುತ್ತವೆ. ಕೇರಳದ ಕಟ್ಟಡ ನಿಯಮದಂತೆ ಕುಡಿಯುವ ನೀರಿನ ಯಾವುದೇ ಬಾವಿಯಿಂದ ಶೌಚಾಲಯದ ಇಂಗುಗುಂಡಿ 7.5 ಮೀಟರ್ ದೂರವಿರಬೇಕು, ಗಡಿಯಿಂದ 1.2 ಮೀಟರ್. ಆರು ಸೆಂಟ್ ಎಂದರೆ 243 ಚದರ ಮೀಟರ್; ನಿಮ್ಮದೊಂದು ಬಾವಿ, ಎಡದ ಮನೆಯದೊಂದು, ಹಿಂದಿನ ಮನೆಯದೊಂದು ಇದ್ದರೆ ಉಳಿಯುವುದು ಒಂದು ಮೂಲೆ. ನಕ್ಷೆಯ ಮೇಲೆ ಮೊದಲು ಮೂರೂ ಬಾವಿಯ ಸುತ್ತ 7.5 ಮೀಟರಿನ ವೃತ್ತ ಎಳೆಯಿರಿ, ಆಮೇಲೆ ಬೇರೆಲ್ಲ. ಇದು ಕಾಗದದ ನಿಯಮ ಮಾತ್ರವಲ್ಲ. ಕೆಂಪುಕಲ್ಲಿನ ನೆಲ ತೂತು ತೂತು, ಕೊಳಚೆ ಬೇಗ ಹರಿದು ಬಾವಿ ಸೇರುತ್ತದೆ. ಜಾಗವೇ ಸಿಗದಿದ್ದರೆ ಇಂಗುಗುಂಡಿಯಿಲ್ಲದ ಬೇರೆ ವ್ಯವಸ್ಥೆ ಏನಿದೆ ಎಂದು ನಗರಸಭೆಯ ಆರೋಗ್ಯ ವಿಭಾಗವನ್ನು ಕೇಳಿ, ನಿಯಮ ಮೀರಿ ತೋಡಬೇಡಿ.

ಎರಡು ಕೋಣೆ ಸಾಕು. ಒಂದು ಸಾಮಾನ್ಯದ್ದು. ಇನ್ನೊಂದು 2.2 ಮೀಟರ್ ಉದ್ದ, 2 ಮೀಟರ್ ಅಗಲದ್ದು, ಗಾಲಿಕುರ್ಚಿ ಒಳಗೆ ಹೋಗಿ ತಿರುಗುವಂಥದ್ದು. ತಿರುಗಲು ಒಂದೂವರೆ ಮೀಟರ್ ಅಗಲದ ಖಾಲಿ ಜಾಗ ಬೇಕು. ಬಾಗಿಲಿನ ತೆರವು 90 ಸೆಂಟಿಮೀಟರ್, ಹೊರಗೆ ತೆರೆಯುವಂತೆ ಅಥವಾ ಸರಿಯುವಂತೆ. ಒಳಗೆ ತೆರೆಯುವ ಬಾಗಿಲಾದರೆ ಯಾರಾದರೂ ಒಳಗೆ ಬಿದ್ದಾಗ ಅವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಕಮೋಡಿನ ಎತ್ತರ 45ರಿಂದ 48 ಸೆಂಟಿಮೀಟರ್, ಒಂದು ಬದಿಯಲ್ಲಿ 90 ಸೆಂಟಿಮೀಟರ್ ಖಾಲಿ, ಗೋಡೆಯ ಬದಿಗೆ ಹಿಡಿಕೆ. ಆ ಹಿಡಿಕೆಯನ್ನು ಟೈಲ್ಸಿನ ಮೇಲೆ ಸಣ್ಣ ಸ್ಕ್ರೂ ಹಾಕಿ ಕೂರಿಸಿದರೆ ಒಂದು ದಿನ ಕಿತ್ತು ಬರುತ್ತದೆ, ಗೋಡೆ ಕಟ್ಟುವಾಗಲೇ ಒಳಗೆ ಕಾಂಕ್ರೀಟಿನ ಪಟ್ಟಿ ಕೂರಿಸಿ. ಆರಡಿ ಉದ್ದದ ಗಟ್ಟಿ ಬೆಂಚೊಂದು ಮಡಚುವಂತೆ ಗೋಡೆಗಿರಲಿ. ಮಗುವಿನ ಬಟ್ಟೆ ಬದಲಿಸಲು ಮಾತ್ರವಲ್ಲ, ಬೆಳೆದ ಮಕ್ಕಳ ಡಯಾಪರ್ ಬದಲಿಸಬೇಕಾದ ತಾಯಂದಿರು ಈ ಜಿಲ್ಲೆಯಲ್ಲಿ ಬಹಳ ಇದ್ದಾರೆ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ವರ್ಷಗಳು ಬಿಟ್ಟುಹೋದದ್ದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಥ ಒಂದು ಬೆಂಚಿಲ್ಲದೆ ಆ ತಾಯಿ ಎರಡು ಗಂಟೆಗಿಂತ ಹೆಚ್ಚು ಹೊರಗಿರಲಾರಳು.

ಬಾಗಿಲು ಹಾಲಿಗಾಗಲಿ ರಸ್ತೆಗಾಗಲಿ ನೇರ ತೆರೆಯಬಾರದು, ಎದುರಿಗೆ ಒಂದು ಅಡ್ಡಗೋಡೆ ಬೇಕು. ಗಂಡಸರು ಪೇಪರ್ ಓದುತ್ತಾ ಕೂತ ಜಗಲಿಯನ್ನು ದಾಟಿಯೇ ಹೋಗಬೇಕೆಂದರೆ ಹೆಂಗಸರು ಶೌಚಾಲಯ ಬಳಸುವುದಿಲ್ಲ, ಬಳಸಲಾಗದಿದ್ದರೆ ಬರುವುದೂ ಇಲ್ಲ. ಮುಚ್ಚಳವಿರುವ ಕಸದ ಬುಟ್ಟಿ, ಚಿಲಕ, ರಾತ್ರಿ ಬೆಳಕು, ಗೋಡೆಗೊಂದು ಕೊಕ್ಕೆ ಇವಿಷ್ಟೂ ಇರಲಿ. ದೊಡ್ಡ ಶೌಚಾಲಯ ಪೊರಕೆ, ಮುರಿದ ಕುರ್ಚಿ ತುಂಬುವ ಉಗ್ರಾಣವಾಗದಂತೆ ಸಾಮಾನಿಗೆ ಬೇರೆ ಕಪಾಟು ಮೊದಲೇ ಮಾಡಿ.

ಮೆಟ್ಟಿಲು

ಮೂರು ಮೆಟ್ಟಿಲೆಂದರೆ ಸುಮಾರು 45 ಸೆಂಟಿಮೀಟರ್ ಎತ್ತರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ಸಾರ್ವಜನಿಕ ಕಟ್ಟಡಕ್ಕೆ ಇಳಿಜಾರು ದಾರಿ ದಯೆಯಲ್ಲ, ಹಕ್ಕು. ಅಳತೆ ಒಂದಕ್ಕೆ ಹನ್ನೆರಡು: 45 ಸೆಂಟಿಮೀಟರ್ ಏರಲು 5.4 ಮೀಟರ್ ಉದ್ದ, ಮೇಲೆ ಕೆಳಗೆ ಒಂದೂವರೆ ಮೀಟರಿನ ಸಮತಟ್ಟು ಸೇರಿ 8.4 ಮೀಟರ್. ಅಗಲ 1.2 ಮೀಟರ್, ಎರಡೂ ಬದಿಗೆ 70 ಮತ್ತು 90 ಸೆಂಟಿಮೀಟರ್ ಎತ್ತರದಲ್ಲಿ ಕೈಹಿಡಿ. ಮೇಸ್ತ್ರಿಗಳು ಸ್ಕೂಟರ್ ಹತ್ತಿಸುವ ಲೆಕ್ಕದಲ್ಲಿ ಎರಡು ಮೀಟರಿನಲ್ಲಿ ಮುಗಿಸಿಬಿಡುತ್ತಾರೆ. ಅದನ್ನು ಗಾಲಿಕುರ್ಚಿ ತಾನಾಗಿ ಏರಲಾರದು, ಇಳಿಯುವಾಗ ಮುಗ್ಗರಿಸುತ್ತದೆ.

ನಿಮ್ಮ ಜಾಗದಲ್ಲಿ ಎದುರಿನ ಅಂಗಳ ಒಂಬತ್ತು ಮೀಟರ್ ಸಿಗುವುದಾದರೆ ಇದಕ್ಕಿಂತ ಒಳ್ಳೆಯ, ಅಗ್ಗದ ದಾರಿ ಅಂಗಳವನ್ನೇ ಮಣ್ಣು ತುಂಬಿ ಒಂದಕ್ಕೆ ಇಪ್ಪತ್ತರಂತೆ ಜಗಲಿಗೆ ಏರಿಸುವುದು. ಕೈಹಿಡಿಯ ಅಗತ್ಯ ಬೀಳುವುದಿಲ್ಲ, ಎಲ್ಲರೂ ಒಂದೇ ದಾರಿಯಲ್ಲಿ ಬರುತ್ತಾರೆ, ಯಾರಿಗೂ ಪಕ್ಕದ ಬಾಗಿಲಿಲ್ಲ. ಆದರೆ ನೀರು ಗೋಡೆಯ ಕಡೆ ಹರಿಯದಂತೆ ಅಡ್ಡಕ್ಕೂ ಒಂದಕ್ಕೆ ಐವತ್ತು ಇಳಿಜಾರು ಕೊಟ್ಟು ಬದಿಯಲ್ಲಿ ಚರಂಡಿ ಇಡಬೇಕು, ತುಂಬಿದ ಮಣ್ಣನ್ನು ಅರ್ಧಡಿಗೊಮ್ಮೆ ದಮ್ಮಸ್ಸು ಮಾಡಬೇಕು. ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಕುಸಿಯುತ್ತದೆ. ಮೇಲ್ಮೈಗೆ ನಯವಾದ ಟೈಲ್ಸ್ ಬೇಡವೇ ಬೇಡ. ಜುಲೈಯಲ್ಲಿ ಪಾಚಿ ಕಟ್ಟಿ ಮುದುಕರ ಸೊಂಟ ಮುರಿಯುವ ಟೈಲ್ಸ್ ಅವು. ಹಸಿ ಕಾಂಕ್ರೀಟಿನ ಮೇಲೆ ತೆಂಗಿನ ಗರಿಯ ಕಡ್ಡಿ ಪೊರಕೆ ಎಳೆದು ಗೆರೆ ಮೂಡಿಸಿ, ಅಷ್ಟು ಸಾಕು. ಬಾಗಿಲ ಹೊಸ್ತಿಲು ಎತ್ತರವಿದ್ದರೆ ತೆಗೆಯಿರಿ.

ಒಳಗೆ, ಮತ್ತು ಹೊತ್ತು

ಒಳಾಂಗಣಕ್ಕೆ ಹೆಚ್ಚು ಹೇಳಬೇಕಿಲ್ಲ. ಬಟ್ಟೆಯ ಪರದೆ, ನಾರಿನ ಚಾಪೆ ಗೋಡೆಗೆ ತೂಗಿದರೆ ಮಾತು ಗುಂಯ್‌ಗುಡುವುದು ತಗ್ಗುತ್ತದೆ. ಕುರ್ಚಿಗಳಲ್ಲಿ ಅರ್ಧಕ್ಕಾದರೂ ಕೈ ಇರಲಿ, ಹಿರಿಯರು ಎದ್ದೇಳುವುದು ಅದನ್ನೂರಿ. ಅಯಲ್‌ಕೂಟಕ್ಕೆ, ಮಕ್ಕಳಿಗೆ, ಹಿರಿಯರಿಗೆ, ಯುವಕರಿಗೆ ಬೀಗವಿರುವ ಒಂದೊಂದು ಕಪಾಟು ಕೊಡಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಹೊತ್ತಿನ ಹಂಚಿಕೆ ಗೋಡೆಗಿಂತ ಮುಖ್ಯ. ಸಮೀಕ್ಷೆ ಬೇರೆ ಹೇಳದಿದ್ದರೆ ಹೀಗೆ ಶುರು ಮಾಡಿ: ಬೆಳಿಗ್ಗೆ ಏಳರಿಂದ ಒಂಬತ್ತು ಪತ್ರಿಕೆ, ಮಧ್ಯಾಹ್ನ ಎರಡರಿಂದ ನಾಲ್ಕು ಹೆಂಗಸರಿಗೆ ಮೀಸಲು, ಊಟ ಮುಗಿದು ಮಕ್ಕಳು ಶಾಲೆಯಿಂದ ಬರುವ ನಡುವಿನ ಬಿಡುವು ಅದೊಂದೇ, ನಾಲ್ಕರಿಂದ ಆರು ಮಕ್ಕಳು, ಆರೂವರೆಯಿಂದ ಎಂಟೂವರೆ ಎಲ್ಲರೂ. ಭಾನುವಾರ ಬೆಳಿಗ್ಗೆ ಅತಿಥಿ ಕಾರ್ಮಿಕರಿಗೆ ಫೋನು ಚಾರ್ಜಿಂಗ್, ಅರ್ಜಿ ತುಂಬುವ ನೆರವು, ಕೇರಂ. ಸಂಬಳದವರು ನೋಡಿಕೊಳ್ಳುವುದು ನಾಲ್ಕು ಗಂಟೆ, ಉಳಿದದ್ದನ್ನು ಆಯಾ ಗುಂಪು ನೋಡಿಕೊಳ್ಳಬೇಕು. ಅದಕ್ಕಾಗಿ ಬೀಗದ ಕೈ ಮೂರು ಮಾಡಿಸಿ: ಒಂದು ಸಂಬಳದವರಲ್ಲಿ, ಒಂದು ಅಯಲ್‌ಕೂಟದ ಹೆಂಗಸರಲ್ಲಿ, ಒಂದು ಕಾರ್ಯದರ್ಶಿಯಲ್ಲಿ. ಕಾರ್ಯದರ್ಶಿಯೊಬ್ಬರ ಕಿಸೆಯಲ್ಲೇ ಬೀಗದ ಕೈ ಇರುವ ಕಟ್ಟಡ ಅವರ ಮನೆಯ ವಿಸ್ತರಣೆಯಾಗಿಬಿಡುತ್ತದೆ.

ಸಪ್ತಭಾಷೆಯ ನೆಲ ನಮ್ಮದು ಎಂದು ವೇದಿಕೆಯಲ್ಲಿ ಹೇಳುತ್ತೇವೆ. ವಾಚನಾಲಯದ ಬೋರ್ಡು ಒಂದೇ ಲಿಪಿಯಲ್ಲಿರುತ್ತದೆ. ಬೋರ್ಡು, ನಿಯಮ, ಸಭೆಯ ನಡಾವಳಿ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇರಲಿ; ಹೊತ್ತಿನ ಪಟ್ಟಿ ಹಿಂದಿಯಲ್ಲೂ, ಚಿತ್ರಗಳಲ್ಲೂ. ಸಭೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಯಾವುದರಲ್ಲಿ ಬೇಕಾದರೂ ಮಾತಾಡಲಿ, ಕೇಳಿದವರು ಪಕ್ಕದವರಿಗೆ ಹೇಳುತ್ತಾರೆ, ಈ ಊರಿಗೆ ಅದು ಅಭ್ಯಾಸವೇ. ಭಾಷೆಗೊಂದು ದಿನ ಎಂದು ಹಂಚಬೇಡಿ. ಒಂದೇ ಹೊತ್ತಿನಲ್ಲಿ ಎಲ್ಲರೂ ಕೈಹಾಕಬಹುದಾದ ಹೊಲಿಗೆ, ಸಸಿ ನೆಡುವುದು, ಮಕ್ಕಳ ಆಟ ಇವುಗಳಲ್ಲಿ ಭಾಷೆ ತಾನಾಗಿ ದಾಟಿಕೊಳ್ಳುತ್ತದೆ. ಕನ್ನಡ ಪುಸ್ತಕಗಳ ಕಪಾಟು ಬಾಗಿಲ ಹತ್ತಿರವೇ ಇರಲಿ, ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಅದನ್ನು ಹುಡುಕಬೇಕಾಗಬಾರದು.

ಜಗಳ ಹುಟ್ಟುವ ವಿಷಯಗಳನ್ನು ಮೊದಲೇ ಬರೆದು ಗೋಡೆಗೆ ಹಾಕಿ. ಯಾವ ಪಕ್ಷಕ್ಕೂ, ಯಾವ ಧರ್ಮದ ಕಾರ್ಯಕ್ರಮಕ್ಕೂ ಒಂದೇ ದರ, ಮುಗಿದ ರಾತ್ರಿಯೇ ಬಾವುಟ, ಫ್ಲೆಕ್ಸ್ ಇಳಿಸಬೇಕು. ಹೊರಗಿನಿಂದ ತಂದ ಊಟ ಸಸ್ಯಾಹಾರವಾಗಲಿ ಮೀನು–ಮಾಂಸವಾಗಲಿ ನಡೆಯುತ್ತದೆ, ಅಡುಗೆ ಒಳಗಿಲ್ಲ, ತೊಳೆದು ಹೋಗಬೇಕು. ಮದ್ಯವಿಲ್ಲ. ಸಮಿತಿ ಸಭೆ ಶುಕ್ರವಾರ ಮಧ್ಯಾಹ್ನ, ರಂಜಾನ್ ತಿಂಗಳ ಸಂಜೆ ಇಡಬೇಡಿ.

ಹಣ ಮತ್ತು ದಿನ

12 ಲಕ್ಷವನ್ನು ಹೀಗೆ ಪಾಲು ಮಾಡಿ: ಮಾಡು ಮತ್ತು ದಂಬೆ 4.3, ಶೌಚಾಲಯ ಮತ್ತು ಗುಂಡಿ 2.4, ಅಂಗಳ 1.2, ವಯರಿಂಗ್ 1, ನೆಲ–ಬಾಗಿಲು–ಬಣ್ಣ 1.3, ಪೀಠೋಪಕರಣ 0.6, ಅನಿರೀಕ್ಷಿತಕ್ಕೆ 1.2. ಪ್ರತಿಯೊಂದಕ್ಕೂ ಮೂವರಿಂದ ದರಪಟ್ಟಿ ತರಿಸಿ. ದರ ಮೀರಿದರೆ ಬಣ್ಣ, ಪೀಠೋಪಕರಣ ಮುಂದಕ್ಕೆ ಹಾಕಿ, ಶೌಚಾಲಯವನ್ನಲ್ಲ. ವಾಗ್ದಾನದ ಹಣ ಖಾತೆಗೆ ಬರದೆ ಹಂಚು ಇಳಿಸಬೇಡಿ.

ಹೆಚ್ಚಿನ ಹಣಕ್ಕೆ ಮೊದಲ ಬಾಗಿಲು ವಾರ್ಡ್ ಸಭೆ. ಕೇರಳದಲ್ಲಿ ಜನರೇ ಯೋಜನೆ ರೂಪಿಸುವ 1996ರ ಜನಕೀಯ ಯೋಜನೆಯಿಂದ ಸ್ಥಳೀಯಾಡಳಿತದ ಯೋಜನಾ ನಿಧಿಯ ಬೇಡಿಕೆ ಅಲ್ಲಿಂದಲೇ ಏರಬೇಕು. ಹೆಂಗಸರ ಯೋಜನೆಗೆ, ಹಿರಿಯರು–ಮಕ್ಕಳು–ಅಂಗವಿಕಲರಿಗೆ ಅದರಲ್ಲಿ ಪ್ರತ್ಯೇಕ ಪಾಲಿದೆ, ಆದ್ದರಿಂದ "ಕಟ್ಟಡ ದುರಸ್ತಿ" ಎಂದು ಕೇಳದೆ ಹಗಲು ಮನೆಗೆ, ಶೌಚಾಲಯಕ್ಕೆ ಎಂದು ಬಿಡಿಬಿಡಿಯಾಗಿ ಕೇಳಿ. ಎರಡನೆಯದು ಗ್ರಂಥಾಲಯ ಪರಿಷತ್ತು. 1989ರ ಗ್ರಂಥಾಲಯ ಕಾಯ್ದೆಯಂತೆ ಕಟ್ಟಡ ತೆರಿಗೆಯ ಮೇಲೆ ಶೇ. 5 ಗ್ರಂಥಾಲಯ ಸೆಸ್ ವಸೂಲಾಗುತ್ತದೆ, ಅಂದರೆ ನಿಮ್ಮ ವಾರ್ಡಿನವರೂ ಕಟ್ಟುತ್ತಿದ್ದಾರೆ. ಪರಿಷತ್ತಿಗೆ ಸಂಯೋಜಿತವಾದ ವಾಚನಾಲಯಕ್ಕೆ ದರ್ಜೆಯಂತೆ ವಾರ್ಷಿಕ ಅನುದಾನ ಸಿಗುತ್ತದೆ. ಅರ್ಜಿಗಳನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಆ ಹಕ್ಕನ್ನು ಕೊಟ್ಟಿದೆ.

ಕೆಲಸದ ದಿನಗಳನ್ನು ಪತ್ತನಾಜೆಯಿಂದ, ಅಂದರೆ ತುಳುವರು ಮಳೆಗಾಲದ ಹೊಸ್ತಿಲು ಎಂದು ಎಣಿಸುವ ದಿನದಿಂದ, ಹಿಂದಕ್ಕೆ ಎಣಿಸಿ. ಮೇ 24ರ ಹೊತ್ತಿಗೆ ಮಾಡು ಮುಚ್ಚಿರಲೇಬೇಕು, ಅದರಾಚೆ ಹಂಚಿಲ್ಲದ ಗೋಡೆ ಮಳೆಗೆ ನೆನೆದರೆ ಒಳಗಿನ ಮಣ್ಣಿನ ಗಾರೆ ಕರಗುತ್ತದೆ. ಹಂಚು ಇಳಿಸಿ, ಮರ ತಿದ್ದಿ, ಮತ್ತೆ ಹೊದಿಸಲು ಆರು ವಾರ ಬೇಕು. ವಿಷುವಿಗೆ ಮೇಸ್ತ್ರಿಗಳೂ ಆಳುಗಳೂ ಊರಿಗೆ ಹೋಗುತ್ತಾರೆ, ಆ ವಾರ ಕಳೆಯಿರಿ. ಹಾಗಾಗಿ ಏಪ್ರಿಲ್ ಮೊದಲ ವಾರ ಹಂಚು ಇಳಿಯಬೇಕು. ಅದಕ್ಕೆ ಫೆಬ್ರವರಿಯಲ್ಲಿ ದರಪಟ್ಟಿ, ಜನವರಿಯಲ್ಲಿ ನಗರಸಭೆಯ ಎಂಜಿನಿಯರಿಂಗ್ ವಿಭಾಗದಿಂದ ಯಾವ ಕೆಲಸಕ್ಕೆ ಪರವಾನಗಿ ಬೇಕು ಎಂಬ ಲಿಖಿತ ಉತ್ತರ. 2024ರ ಜನವರಿಯಿಂದ ಪರವಾನಗಿಯ ಅರ್ಜಿ ಕೆ–ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕವೇ. ಎರಡನೆಯ ವಿಶೇಷ ಸಭೆ ಡಿಸೆಂಬರಿನಲ್ಲಿ, ಮೊದಲನೆಯದು ನವೆಂಬರಿನಲ್ಲಿ. ಅದರ ನೋಟೀಸನ್ನು ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿ, ಅಕ್ಟೋಬರ್ ಕೊನೆಯೊಳಗೆ ಪ್ರತಿ ಸದಸ್ಯರ ಕೈಗೆ ಕೊಟ್ಟು ಸಹಿ ಪಡೆಯಿರಿ.